ಮನೆ ಹೊರಗಿನ ನೆಲಕ್ಕೆ ಏನು ಹಾಕಿಸೋದು? ಹಾಕಿಸಿದವರು ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಮನೆ ಕೆಲಸ ಹೆಚ್ಚುಕಮ್ಮಿ ಮುಗೀತು, ಹೊರಗಡೆ ನೆಲ ಒಂದು ಬಾಕಿ. ಗೇಟಿಂದ ಕಾರ್ ನಿಲ್ಲಿಸೋ ಜಾಗ, ಪಕ್ಕದಲ್ಲಿ ಹಿಂದಕ್ಕೆ ಹೋಗೋ ಸಣ್ಣ ದಾರಿ, ಹಿಂದುಗಡೆ ಕೂತ್ಕೊಳ್ಳೋಕೆ ಸ್ವಲ್ಪ ಜಾಗ, ಅಲ್ಲೇ ಒಂದು ದೊಡ್ಡ ಮರ, ಅದನ್ನ ಕಡಿಸಲ್ಲ. ಮನೇಲಿ ವಯಸ್ಸಾದ ಅಮ್ಮ ಇದ್ದಾರೆ, ಓಡಾಡೋ ಮಗು ಇದೆ. ಒಬ್ರು ಇಂಟರ್‌ಲಾಕ್ ಪೇವರ್ (ಒಂದಕ್ಕೊಂದು ಸೇರಿಸಿ ಜೋಡಿಸೋ ಸಿಮೆಂಟ್ ಬಿಲ್ಲೆ) ಅಂತಾರೆ, ಇನ್ನೊಬ್ರು ಗ್ರಾನೈಟ್ ಅಂತಾರೆ, ಮೇಸ್ತ್ರಿ ಕಾಂಕ್ರೀಟ್ ಹಾಕ್ಬಿಡಿ ತಲೆನೋವಿಲ್ಲ ಅಂತಾರೆ. ಎಲ್ಲಾ ಕಡೆ ಒಂದೇ ಥರ ಹಾಕಿಸಿದ್ರೆ ಚೆನ್ನಾಗಿ ಕಾಣುತ್ತೆ ಅಂತ ನನಗೆ ಆಸೆ. ಹಾಕಿಸಿ ಕೆಲವು ವರ್ಷ ಆದವರು ಈಗ ಹೇಗಿದೆ ಅಂತ ಹೇಳಿದ್ರೆ ತುಂಬಾ ಉಪಕಾರ.

—

ನಾನು ಈ ಕೆಲಸದಲ್ಲೇ ಇರೋನು ಸರ್, ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ. ಪೇವರ್ರೋ ಕಲ್ಲೋ ಅನ್ನೋದು ಆಮೇಲೆ, ಮೊದ್ಲು ಮಳೆ ನೀರು ಯಾವ ಕಡೆ ಹೋಗ್ಬೇಕು ಅಂತ ತೀರ್ಮಾನ ಮಾಡಿ. ನಾನು ರಿಪೇರಿಗೆ ಹೋಗಿರೋ ಜಾಗಗಳಲ್ಲಿ ಕಲ್ಲೇ ಕೆಟ್ಟಿರೋದು ಅಪರೂಪ, ಕೆಳಗಿನ ಮಣ್ಣು ಕೂತು ಮೇಲೆ ತಗ್ಗಾಗಿರೋದು, ನೀರು ಗೋಡೆ ಕಡೆಗೆ ವಾಲಿ ಮನೆ ಒಳಗೆ ತೇವ ಏರಿರೋದು, ಇದೇ ಜಾಸ್ತಿ. ವಾಟ ಗೋಡೆಯಿಂದ ಆಚೆಗೆ ಇರ್ಬೇಕು, ಒಂದು ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿದ್ರೆ ಸಾಕು, ಕಣ್ಣಿಗೆ ಅಷ್ಟಾಗಿ ಕಾಣಲ್ಲ, ನೀರು ಮಾತ್ರ ಸರಾಗವಾಗಿ ಹೋಗುತ್ತೆ. ಮನೆ ಒಳಗಿನ ನೆಲಕ್ಕಿಂತ ಹೊರಗಿನ ನೆಲ ಸುಮಾರು 150 ಮಿಲಿಮೀಟರ್ ಕೆಳಗಿರ್ಲಿ, ಜೋರು ಮಳೆ ನೆಲಕ್ಕೆ ಬಡಿದು ಗೋಡೆಗೆ ಚಿಮ್ಮುತ್ತಲ್ಲ ಅದಕ್ಕೆ. ಅಮ್ಮನಿಗೆ ಆ ಎತ್ತರ ಕಷ್ಟ ಆಗೋದಾದ್ರೆ ಬಾಗಿಲ ಹತ್ರ ಮಾತ್ರ ಸಣ್ಣ ರ‍್ಯಾಂಪ್ ಮಾಡಿಸಿ, ಇಡೀ ನೆಲ ಎತ್ತರಿಸ್ಬೇಡಿ.

ಇನ್ನು ಕೆಳಗಿನ ಕೆಲಸ. ಹೊಸ ಮನೆ ಅಂದ್ರಿ, ಪಾಯದ ಪಕ್ಕ ಅಗೆದು ಮತ್ತೆ ತುಂಬಿರೋ ಮಣ್ಣು ಸಡಿಲ ಇರುತ್ತೆ, ಅದನ್ನ ಮೇಲಿಂದ ಒಂದೇ ಸಲ ಕುಟ್ಟಿದ್ರೆ ಮೇಲಿನ ಪದರ ಗಟ್ಟಿ ಆಗುತ್ತೆ ಅಷ್ಟೇ, ಕೆಳಗಿಂದು ಮಳೆ ಬಿದ್ದ ಮೇಲೆ ನಿಧಾನಕ್ಕೆ ಕೂರುತ್ತೆ. ತೆಳು ತೆಳು ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡ್ತಾ ಬರ್ಬೇಕು. ಅದರ ಮೇಲೆ ಸಣ್ಣದು ದೊಡ್ಡದು ಬೆರೆತಿರೋ ಜಲ್ಲಿ, ನಡೆಯೋ ದಾರಿಗೆ 100 ಮಿಲಿಮೀಟರ್, ಕಾರ್ ಜಾಗಕ್ಕೆ 150ರಿಂದ 200, ಇದು ಕುಟ್ಟಿ ಗಟ್ಟಿ ಆದ ಮೇಲಿನ ದಪ್ಪ, ಸುರಿದಾಗಿನದಲ್ಲ. ಜೇಡಿ ಮಣ್ಣಾದ್ರೆ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತೆ, ಅಲ್ಲಿ ಇನ್ನೂ ದಪ್ಪ ಬೇಕು, ಮಣ್ಣಿಗೂ ಜಲ್ಲಿಗೂ ಮಧ್ಯ ನೀರು ಮಾತ್ರ ಇಳಿಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದ್ರೆ ಜಲ್ಲಿ ಮಣ್ಣಿನೊಳಗೆ ಇಳಿಯಲ್ಲ.

ಪೇವರ್ ಹಾಕಿಸೋದಾದ್ರೆ ಅದರ ಕೆಳಗೆ ಮರಳು 25–30 ಮಿಲಿಮೀಟರ್ ಅಷ್ಟೇ. ಜಲ್ಲಿ ಲೆವೆಲ್ ಸರಿ ಬಂದಿಲ್ಲ ಅಂತ ಮರಳಲ್ಲಿ ಸರಿಮಾಡೋಕೆ ಹೋಗ್ತಾರೆ, ಒಂದು ಕಡೆ 20 ಒಂದು ಕಡೆ 70 ಆಗುತ್ತೆ, ದಪ್ಪ ಇರೋ ಕಡೆ ಚಕ್ರದ ಗುರುತು ಬೀಳೋದು ಖಂಡಿತ, ಅದನ್ನ ಒಪ್ಕೋಬೇಡಿ. ಆ ಮರಳು ದಪ್ಪ ಕಣದ್ದೇ ಆಗಿರ್ಲಿ, ಕ್ರಷರ್ ಡಸ್ಟ್ (ಕಲ್ಲು ಒಡೆದಾಗ ಬರೋ ನುಣ್ಣನೆ ಪುಡಿ) ನೀರನ್ನ ಹಿಡ್ಕೊಂಡು ಕೆಸರಿನ ಥರ ಆಗುತ್ತೆ. ದಪ್ಪದ ವಿಷಯಕ್ಕೆ ಬಂದ್ರೆ ನಡೆಯೋಕೆ 60 ಮಿಲಿಮೀಟರ್ ಪೇವರ್, ಕಾರಿಗೆ 80. ಕಾರ್ ತಿರುಗೋ ಜಾಗದಲ್ಲಿ ಹೆರಿಂಗ್‌ಬೋನ್ ಥರ ಒಂದು ಅಡ್ಡ ಒಂದು ಉದ್ದ ಸಿಕ್ಕಿಸಿ ಜೋಡಿಸೋಕೆ ಹೇಳಿ, ಉದ್ದಕ್ಕೆ ನೇರ ಗೆರೆ ಬರೋ ಹಾಗೆ ಜೋಡಿಸಿದ್ರೆ ಬ್ರೇಕ್ ಹಾಕಿದಾಗ ತಿರುಗಿಸಿದಾಗ ಸಾಲು ಸಾಲೇ ಜರುಗುತ್ತೆ. ಸುತ್ತ ಅಂಚಿಗೆ ಕಾಂಕ್ರೀಟಲ್ಲಿ ಕೂರಿಸಿದ ಕರ್ಬ್, ಅಂದ್ರೆ ಅಂಚುಕಲ್ಲು, ಬೇಕೇ ಬೇಕು. ಇಂಟರ್‌ಲಾಕ್ ಅಂದ್ರೆ ಆಕಾರದಿಂದಲೇ ಲಾಕ್ ಆಗುತ್ತೆ ಅಂದ್ಕೊಂಡಿರ್ತಾರೆ, ಮುಖ್ಯವಾಗಿ ಹಿಡ್ಕೊಳ್ಳೋದು ಜಾಯಿಂಟಲ್ಲಿ ತುಂಬೋ ಒಣ ಮರಳು ಮತ್ತೆ ಆ ಅಂಚು. ಮರಳು ಗುಡಿಸಿ ಪ್ಲೇಟ್ ಕಂಪ್ಯಾಕ್ಟರ್ (ಅದುರಿಸಿ ಒತ್ತೋ ಮಿಷಿನ್) ಓಡಿಸಿ ಮತ್ತೆ ಗುಡಿಸ್ಬೇಕು, ಕೆಲವು ವಾರ ಬಿಟ್ಟು ಇನ್ನೊಂದ್ಸಲ ತುಂಬ್ಬೇಕು.

ಎಲ್ಲಾ ಕಡೆ ಒಂದೇ ಥರ ಅನ್ನೋ ಆಸೆ ಬಿಡಿ ಸರ್. ಕಾರ್ ನಿಲ್ಲೋ ನೆಲ, ಬರಿಗಾಲಲ್ಲಿ ನಡೆಯೋ ನೆಲ, ಮರದ ಬುಡ, ಮೂರರ ಕೆಲಸವೂ ಬೇರೆ ಬೇರೆ. ಬಣ್ಣ ಹತ್ತಿರ ಇರೋ ಹಾಗೆ ನೋಡ್ಕೊಂಡ್ರೆ ಕಣ್ಣಿಗೆ ಒಂದೇ ಥರ ಕಾಣುತ್ತೆ.

—

ಅಮ್ಮ ಇದ್ದಾರೆ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ನಮ್ಮನೇಲೂ ವಯಸ್ಸಾದವರು ಇದ್ದಾರೆ, ಹಾಗಾಗಿ ನಾವು ಕಲ್ಲು ಆರಿಸುವಾಗ ಬಣ್ಣ ನೋಡೋಕೂ ಮೊದ್ಲು ಜಾರುತ್ತಾ ಅಂತ ನೋಡಿದ್ವಿ. ಪಾಲಿಶ್ ಗ್ರಾನೈಟ್ ಹೊರಗಡೆ ಬೇಡವೇ ಬೇಡ ಅಣ್ಣ, ಒಣಗಿದ್ದಾಗ ಏನೂ ಅನ್ಸಲ್ಲ, ಒಂದು ಹನಿ ಮಳೆ ಬಿದ್ರೆ ಸಾಕು. ಅದೇ ಗ್ರಾನೈಟು ಫ್ಲೇಮ್ಡ್ ಫಿನಿಶ್‌ನಲ್ಲಿ ಸಿಗುತ್ತೆ, ಬೆಂಕಿ ಹಾಯಿಸಿ ಮೇಲ್ಮೈ ಒರಟು ಮಾಡಿರ್ತಾರೆ, ಉಳಿಯಿಂದ ಚುಚ್ಚಿ ಒರಟು ಮಾಡಿದ್ದೂ ಇರುತ್ತೆ, ನಾವು ಹಾಕಿಸಿರೋದು ಫ್ಲೇಮ್ಡ್, ವರ್ಷಗಳಾದ್ರೂ ಹಿಡಿತ ಹಾಗೇ ಇದೆ. ಗ್ರಾನೈಟ್ ನೀರನ್ನ ತುಂಬಾ ಕಡಿಮೆ ಹೀರುತ್ತೆ ಹಾಗಾಗಿ ಕಲೆ ಕೂಡ ಬೇಗ ಇಳಿಯಲ್ಲ. ಮರಳುಗಲ್ಲು ನೋಡೋಕೆ ಬಲು ಚೆಂದ ಆದ್ರೆ ನೀರು ಹೀರುತ್ತೆ, ನೆರಳಲ್ಲಿ ಪಾಚಿ ಬೇಗ ಕಟ್ಟುತ್ತೆ. ಸ್ಲೇಟ್ ಪದರ ಪದರ ಕಲ್ಲು, ಕಳಪೆ ಸಿಕ್ಕಿದ್ರೆ ಸಿಪ್ಪೆ ಏಳುತ್ತೆ.

ಟೈಲ್ಸ್ ಹಾಕಿಸೋ ಯೋಚನೆ ಬಂದ್ರೆ ಒಳಗಡೆ ಹಾಕೋ ತೆಳು ಟೈಲ್ಸ್ ಅಲ್ಲ, ಹೊರಗಡೆಗೆ ಅಂತಲೇ 20 ಮಿಲಿಮೀಟರ್ ದಪ್ಪದ ಪೋರ್ಸ್‌ಲೇನ್ ಬರುತ್ತೆ, ಅದರ ಡಬ್ಬದ ಮೇಲೆ ಆರ್ 9ರಿಂದ ಆರ್ 13ರವರೆಗೆ ಒಂದು ನಂಬರ್ ಇರುತ್ತೆ, ನಂಬರ್ ಹೆಚ್ಚಿದಷ್ಟೂ ಜಾರೋದು ಕಡಿಮೆ, ಹೊರಗಡೆಗೆ ಆರ್ 11 ಅಥವಾ ಮೇಲಿನದು ತಗೊಳ್ಳಿ. ಪೋರ್ಸ್‌ಲೇನ್ ನೀರು ಹೀರದೇ ಇರೋದ್ರಿಂದ ಬರೀ ಗಾರೆಗೆ ಸರಿಯಾಗಿ ಅಂಟ್ಕೊಳ್ಳಲ್ಲ, ಹಿಂಭಾಗಕ್ಕೆ ಅದರದ್ದೇ ಪ್ರೈಮರ್ ಹಚ್ಚಿ ಕೂರಿಸ್ಬೇಕು.

ಒಂದು ಕೆಲಸ ಮಾಡಿ. ಎರಡು ಮೂರು ಥರದ್ದು ದೊಡ್ಡ ಸ್ಯಾಂಪಲ್ ತಂದು ಅಂಗಳದಲ್ಲೇ ಇಡಿ, ಮಧ್ಯಾಹ್ನದ ಬಿಸಿಲಲ್ಲಿ ಅಂಗೈ ಒತ್ತಿ ನೋಡಿ, ಸಂಜೆ ನೀರು ಸುರಿದು ಚಪ್ಪಲಿ ಹಾಕ್ಕೊಂಡೂ ಬರಿಗಾಲಲ್ಲೂ ನಿಂತು ನೋಡಿ. ಕಪ್ಪು ಕಲ್ಲು ಮಗುವಿನ ಕಾಲಿಗೆ ಎಷ್ಟು ಸುಡುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ, ತೀರಾ ಬಿಳಿ ಆದ್ರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ನಡುವಿನ ಬಣ್ಣ ಒಳ್ಳೇದು. ಅಂಗಡಿ ಒಳಗೆ ಲೈಟ್ ಕೆಳಗೆ ನೋಡಿ ಆರಿಸ್ಬೇಡಿ ಅಷ್ಟೇ.

—

ಕಾಂಕ್ರೀಟನ್ನ ಎಲ್ರೂ ಬೈತಾರೆ, ನನಗೆ ಅದು ಇಷ್ಟ. ನಮ್ಮ ಕಾರ್ ಜಾಗ ಪೂರ್ತಿ ಕಾಂಕ್ರೀಟು, ಗಟ್ಟಿಯಾಗಿದೆ, ಗುಡಿಸೋದು ಸುಲಭ, ಸಂದಿಯಲ್ಲಿ ಕಳೆ ಬರೋ ಕಾಟ ಇಲ್ಲ. ಆದ್ರೆ ನಿಮ್ಮ ಮೇಸ್ತ್ರಿ ಹೇಳಿದ ಹಾಗೆ ತಲೆನೋವಿಲ್ಲದ ಕೆಲಸ ಅಂತೂ ಅಲ್ಲ. ಕಾಂಕ್ರೀಟ್ ಒಣಗ್ತಾ ಕುಗ್ಗುತ್ತೆ, ಕುಗ್ಗಿದಾಗ ಎಲ್ಲೋ ಒಂದು ಕಡೆ ಬಿರುಕು ಬಿಡ್ಲೇಬೇಕು, ಅದು ಎಲ್ಲಿ ಬಿಡ್ಬೇಕು ಅಂತ ನಾವೇ ಗೆರೆ ಹಾಕಿ ಕೊಡ್ಬೇಕು. 100 ಮಿಲಿಮೀಟರ್ ದಪ್ಪದ ಸ್ಲ್ಯಾಬಿಗೆ ಎರಡೂವರೆಯಿಂದ ಮೂರು ಮೀಟರಿಗೊಂದು ಜಾಯಿಂಟು, ದಪ್ಪದ ಕಾಲು ಭಾಗದಷ್ಟು ಆಳ, ಹಾಕಿದ ಒಂದು ದಿನದೊಳಗೇ ಕಟ್ ಮಾಡ್ಬೇಕು, ಆಮೇಲೆ ಮಾಡ್ತೀನಿ ಅಂದ್ರೆ ಅಷ್ಟರಲ್ಲಿ ಅದೇ ಬಿಟ್ಕೊಂಡಿರುತ್ತೆ. ಜಾಯಿಂಟುಗಳ ಮಧ್ಯದ ತುಂಡುಗಳು ಆದಷ್ಟು ಚೌಕವಾಗೇ ಇರ್ಲಿ, ಉದ್ದ ಪಟ್ಟಿ ಮಾಡಿದ್ರೆ ಮಧ್ಯೆ ಸೀಳುತ್ತೆ. ಮನೆ ಗೋಡೆಗೆ ಸ್ಲ್ಯಾಬ್ ಅಂಟಿಸ್ಬೇಡಿ, ನಡುವೆ ಮೆತ್ತನೆ ಪಟ್ಟಿ ಇಟ್ಟು ಬಿಡಿಸಿ.

ಕ್ಯೂರಿಂಗ್ ಬಗ್ಗೆ ಮಾತ್ರ ಯಾರ ಮಾತೂ ಕೇಳ್ಬೇಡಿ. ಕಡಿಮೆ ಅಂದ್ರೂ 7 ದಿನ ಒದ್ದೆ ಗೋಣಿ ಹೊದಿಸಿ ಒಣಗದ ಹಾಗೆ ನೋಡ್ಕೊಳ್ಳಿ, ಅದು ಮಾಡದೇ ಇರೋ ಕಡೆ ಮೇಲ್ಮೈ ಪುಡಿ ಪುಡಿಯಾಗಿ ಏಳೋದನ್ನ ನಾನು ಪಕ್ಕದ ಮನೇಲೇ ನೋಡಿದೀನಿ. ಕೊನೆಗೆ ಕರಣೆಯಲ್ಲಿ ನುಣ್ಣಗೆ ತಿಕ್ಕೋಕೆ ಬಿಡ್ಬೇಡಿ, ಗಟ್ಟಿ ಪೊರಕೆ ಎಳೆದು ಗೆರೆ ಮಾಡಿಸಿ, ಹಿಡಿತ ಬರುತ್ತೆ. ಕೆಟ್ಟದ್ದು ಅಂದ್ರೆ ಒಂದೇ, ಕೆಳಗಡೆ ಪೈಪ್ ಒಡೆದ್ರೆ ಕಾಂಕ್ರೀಟ್ ಒಡೀಬೇಕು, ಆ ತೇಪೆ ಯಾವತ್ತೂ ಕಾಣುತ್ತೆ. ಪೇವರ್ ಆದ್ರೆ ಎತ್ತಿ ರಿಪೇರಿ ಮಾಡಿ ಅದನ್ನೇ ವಾಪಸ್ ಇಡ್ಬಹುದು.

—

ಮರದ ಬಗ್ಗೆ ಯಾರೂ ಹೇಳ್ಲಿಲ್ಲ. ಬುಡದ ಸುತ್ತ ದಯವಿಟ್ಟು ಏನೂ ಮುಚ್ಚಬೇಡಿ. ಮರದ ಬೇರು ಬಹುಪಾಲು ಮೇಲಿನ ಅರ್ಧ ಮುಕ್ಕಾಲು ಮೀಟರ್ ಮಣ್ಣಲ್ಲೇ ಹರಡಿರುತ್ತೆ, ಅದಕ್ಕೆ ನೀರೂ ಬೇಕು ಗಾಳಿನೂ ಬೇಕು. ಅಲ್ಲಿ 200 ಮಿಲಿಮೀಟರ್ ಅಗೆದು ಜಲ್ಲಿ ತುಂಬಿ ಕುಟ್ಟಿದ್ರೆ ಬೇರೂ ಕಡಿದ ಹಾಗಾಯ್ತು, ಉಳಿದಿದ್ದಕ್ಕೆ ಉಸಿರೂ ಕಟ್ಟಿದ ಹಾಗಾಯ್ತು, ಮರ ಒಂದೆರಡು ವರ್ಷ ಚೆನ್ನಾಗೇ ಇದ್ದು ಆಮೇಲೆ ಒಣಗೋಕೆ ಶುರು ಆಗುತ್ತೆ, ಆಗ ಕಾರಣ ಯಾರಿಗೂ ನೆನಪಿರಲ್ಲ. ನೀವು ಕಡಿಸಲ್ಲ ಅಂತ ಬರೆದಿದ್ದು ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಸಾಧ್ಯ ಆದಷ್ಟು ಅಗಲ ಮಣ್ಣು ಬಿಡಿ, ಕೂತ್ಕೊಳ್ಳೋ ಜಾಗವನ್ನ ಮರದಿಂದ ಸ್ವಲ್ಪ ದೂರ ಸರಿಸಿ, ನಡುವೆ ಬೇಕಿದ್ರೆ ಬಿಡಿ ಜಲ್ಲಿ ಹಾಸಿ.

ಜಲ್ಲಿಯಲ್ಲೂ ಗುಂಡಗಿರೋದು ಕಾಲಡಿ ಉರುಳುತ್ತೆ, ಮೂಲೆ ಇರೋ ಒಡೆದ ಜಲ್ಲಿ ಒಂದಕ್ಕೊಂದು ಕಚ್ಕೊಂಡು ಕೂರುತ್ತೆ. 10ರಿಂದ 20 ಮಿಲಿಮೀಟರ್ ಸೈಜು, ಸುಮಾರು 50 ಮಿಲಿಮೀಟರ್ ದಪ್ಪ, ಅದಕ್ಕಿಂತ ಆಳ ಆದ್ರೆ ಕಾಲು ಹೂತ್ಕೊಳ್ಳುತ್ತೆ. ಅಮ್ಮ ದಿನಾ ಓಡಾಡೋ ದಾರಿಗೆ ಮಾತ್ರ ಜಲ್ಲಿ ಬೇಡ, ಕೋಲು ಹಿಡಿದು ನಡೆಯೋರಿಗೆ ಕಷ್ಟ. ಕಳೆ ಬರ್ಬಾರ್ದು ಅಂತ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸೋರಿದ್ದಾರೆ, ಅದ್ರಿಂದ ನೀರು ನಿಲ್ಲುತ್ತೆ ಅಷ್ಟೇ, ಸಂದಿಯಲ್ಲಿ ಬರೋ ಕಳೆ ಬಹುತೇಕ ಮೇಲಿಂದ ಬಿದ್ದ ಬೀಜ ಮತ್ತೆ ಧೂಳಿನಿಂದಲೇ.

—

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಇದೆ ಅಂತ ಗೊತ್ತಿರ್ಲಿಲ್ಲ. ಕಾರಿಗೆ 80ರ ಪೇವರ್, ಪಕ್ಕದ ದಾರಿಗೆ ಫ್ಲೇಮ್ಡ್ ಗ್ರಾನೈಟ್, ಹಿಂದೆ ಮರದ ಕಡೆ ಮಣ್ಣು ಮತ್ತೆ ಜಲ್ಲಿ ಅಂತ ಮನಸ್ಸು ಮಾಡ್ತಿದೀನಿ. ಎರಡು ಡೌಟು. ಗೇಟ್ ಹತ್ರ ಮನೆ ಕಟ್ಟುವಾಗ ಹಾಕಿದ ಕಾಂಕ್ರೀಟ್ ಇದೆ, ಅದರ ಮೇಲೇ ಪೇವರ್ ಕೂರಿಸ್ಬಹುದು ಅಂತಾರೆ ಮೇಸ್ತ್ರಿ, ಸರಿನಾ? ಇನ್ನೊಂದು, ಪರಿಚಯದವರ ಮನೇಲಿ ಹೊಸ ಪೇವರ್ ಮೇಲೆ ಬೆಳ್ಳಗೆ ಪುಡಿ ಥರ ಬಂದಿದೆ, ಅದು ಮಾಲ್ ಕೆಟ್ಟದ್ದು ಅಂತಲಾ?

—

ಬಿಳಿ ಬಂದ್ರೆ ಹೆದರ್ಬೇಡಿ ಸರ್. ಸಿಮೆಂಟಲ್ಲಿರೋ ಸುಣ್ಣದ ಅಂಶ ನೀರಿನ ಜೊತೆ ಮೇಲೆ ಬಂದು ಗಾಳಿಯಲ್ಲಿ ಬೆಳ್ಳಗೆ ಗಟ್ಟಿಯಾಗೋದು ಅದು, ಒಳ್ಳೇ ಮಾಲಲ್ಲೂ ಬರುತ್ತೆ, ಮಳೆ ಬಿಸಿಲಿಗೆ ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. ಅವಸರಕ್ಕೆ ಬಿದ್ದು ಸೀಲರ್ (ಮೇಲ್ಮೈ ಮುಚ್ಚೋ ಲೇಪ) ಹೊಡೆಸಿದ್ರೆ ಆ ಬಿಳಿ ಕೆಳಗೇ ಸಿಕ್ಕಾಕೊಳ್ಳುತ್ತೆ. ಆಸಿಡ್ ಹಾಕಿ ತೊಳೀತೀವಿ ಅಂತ ಬರ್ತಾರೆ, ಬಿಡ್ಬೇಡಿ, ಸಿಮೆಂಟೂ ತಿನ್ನುತ್ತೆ ಬಣ್ಣಾನೂ ಹೋಗುತ್ತೆ, ಸುಣ್ಣದಕಲ್ಲು ಮಾರ್ಬಲ್ ಅಂತೂ ಆಸಿಡ್ ತಾಗಿದ ಕಡೆ ಮಂಕಾಗುತ್ತೆ.

ಹಳೇ ಕಾಂಕ್ರೀಟ್ ಮೇಲೆ ಕೂರಿಸ್ಬಹುದು, ಆದ್ರೆ ಅದರಲ್ಲೇ ಸರಿಯಾದ ವಾಟ ಇರ್ಬೇಕು, ಕುಸಿದಿರ್ಬಾರ್ದು, ಜಾಯಿಂಟಿಂದ ಇಳಿದ ನೀರು ಮರಳಲ್ಲಿ ನಿಲ್ಲದ ಹಾಗೆ ತಗ್ಗಿರೋ ಕಡೆ ತೂತು ಕೊರೆದು ಮೇಲೆ ಜಿಯೋಟೆಕ್ಸ್‌ಟೈಲ್ ತುಂಡು ಹಾಸ್ಬೇಕು. 80 ಪೇವರ್ ಜೊತೆ 25 ಮರಳು ಅಂದ್ರೆ 100 ಮಿಲಿಮೀಟರಿಗಿಂತ ಜಾಸ್ತಿ ಎತ್ತರ ಆಗುತ್ತೆ, ಗೇಟ್ ತೆಗೆಯೋಕೆ ಬರುತ್ತಾ, ಚರಂಡಿ ಚೇಂಬರ್ ಮುಚ್ಚಳ ಎತ್ತರಿಸ್ಬೇಕಾ ನೋಡಿ. ಅರ್ಧ ಜಾಗ ಕಾಂಕ್ರೀಟ್ ಮೇಲೆ ಅರ್ಧ ಜಾಗ ಜಲ್ಲಿ ಮೇಲೆ ಬರೋ ಹಾಗಿದ್ರೆ ಆ ಕಾಂಕ್ರೀಟ್ ಒಡೆಸಿಬಿಡೋದೇ ವಾಸಿ, ಎರಡೂ ಸೇರೋ ಗೆರೆಯಲ್ಲೇ ತಗ್ಗು ಬೀಳುತ್ತೆ.

ಪೇವರ್ ಲೋಡ್ ಬಂದಾಗ ಮೂರು ನಾಲ್ಕು ಕಟ್ಟು ಒಟ್ಟಿಗೆ ಬಿಚ್ಚಿ ಬೆರೆಸಿ ಹಾಕ್ಸಿ, ಒಂದೊಂದು ಬ್ಯಾಚ್ ಬಣ್ಣ ಸ್ವಲ್ಪ ಬೇರೆ ಇರುತ್ತೆ, ಒಂದಷ್ಟು ಜಾಸ್ತಿ ತರಿಸಿ ಎತ್ತಿಡಿ. ಮತ್ತೆ ಜಲ್ಲಿ ಹಾಕೋಕೆ ಮುಂಚೆ ಗೇಟಿಂದ ಹಿಂದಿನವರೆಗೂ ಒಂದೆರಡು ಖಾಲಿ ಪಿವಿಸಿ ಪೈಪ್ ಹೂತಿಡಿ, ಬಾಯಿ ಎರಡೂ ಕಡೆ ಮುಚ್ಚಿ ಎಲ್ಲಿದೆ ಅಂತ ಫೋಟೋ ತೆಗೆದಿಟ್ಕೊಳ್ಳಿ, ನಾಳೆ ಗಿಡಕ್ಕೆ ನೀರಿನ ಲೈನೋ ಲೈಟಿಗೆ ವೈರೋ ಎಳೀಬೇಕು ಅಂದ್ರೆ ನೆಲ ಅಗೆಯೋ ಅಗತ್ಯ ಇರಲ್ಲ.