ದೋಣಿಯ ಕೀಲ್ ನಿಜವಾಗಿ ಎಷ್ಟು ತೂಗುತ್ತೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ತಿಪಟೂರಿನಿಂದ ಬರೆಯುತ್ತಿದ್ದೇನೆ. ಹೋದ ವರ್ಷ 16 ಅಡಿಯ ಹಳೇ ಹಾಯಿದೋಣಿ ಒಂದನ್ನು ತಂದೆ, ಈಗ ತೆಂಗಿನ ತೋಟದ ಶೆಡ್ಡಿನಲ್ಲಿದೆ. ಅದರ ತಳದಲ್ಲಿ ಮೇಲೆ ಕೆಳಗೆ ಆಡುವ ಎರಕದ ಕಬ್ಬಿಣದ ಕೀಲ್ ಇದೆ, ಅಂದರೆ ನೀರಿನೊಳಗೆ ಇಳಿಯುವ ಭಾರದ ರೆಕ್ಕೆ, ಒಂದು ತುದಿಯಲ್ಲಿ ಬೋಲ್ಟ್ ಮೇಲೆ ತಿರುಗುತ್ತದೆ. ಗಾಳಿಗೆ ವಾಲಿದ ದೋಣಿಯನ್ನು ನೆಟ್ಟಗೆ ಮಾಡುವುದು ಅದರ ಭಾರವೇ ಅಲ್ವಾ, ಮಗಳೂ ಜೊತೆಗೆ ಕೂರುತ್ತಾಳೆ, ಹಾಗಾಗಿ ಅಂದಾಜಿನ ಮೇಲೆ ನೀರಿಗಿಳಿಸಲು ನನಗೆ ಮನಸ್ಸಿಲ್ಲ.

ಮಾರಿದವರ ಹಾಳೆಯಲ್ಲಿ 120 ಕೆಜಿ ಅಂತಿದೆ. ಟೇಪ್ ಹಿಡಿದು ಅಳೆದೆ: ಉದ್ದ 110, ಅಗಲ 45, ದಪ್ಪ ಇರುವ ಕಡೆ 3.5 ಸೆಂಟಿಮೀಟರ್. ಎರಕದ ಕಬ್ಬಿಣ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ, ಗುಣಿಸಿದರೆ 125 ಕೆಜಿ ಬರುತ್ತದೆ. ಆದರೆ ಅದು ಹಲಗೆ ಹಾಗಿಲ್ಲ, ಮುಂದೆ ದುಂಡಗೆ, ಹಿಂದೆ ಮಚ್ಚಿನ ಅಂಚಿನ ಹಾಗೆ ತೆಳ್ಳಗೆ, ಮೀನಿನ ಮೈ ಥರ. ಸುಮಾರು 30% ಕಳೆದರೆ 87ರ ಹತ್ತಿರ ನಿಲ್ಲುತ್ತದೆ. ವ್ಯತ್ಯಾಸ ಜಾಸ್ತಿಯೇ ಆಯಿತು.

ಬಿಚ್ಚಿ ತೂಗೋಣ ಅಂದರೆ ಬೋಲ್ಟ್ ತುಕ್ಕು ಹಿಡಿದು ಕೂತಿದೆ, ಎರಡು ದಿನ ಡೀಸೆಲ್ ಬಿಟ್ಟರೂ ಅಲ್ಲಾಡಲಿಲ್ಲ. ಕೊನೆಗೆ ಕೊಬ್ಬರಿ ಮೂಟೆ ತೂಗುವ ಮೆಷಿನ್ ತಂದು, ಕೀಲ್ ಮಟ್ಟವಾಗಿ ನಿಲ್ಲುವ ಹಾಗೆ ತುದಿಯನ್ನು ಅದರ ಮೇಲಿಟ್ಟೆ. 38 ತೋರಿಸಿತು. ಉಳಿದ ಭಾರ ಬೋಲ್ಟ್ ಮೇಲಿದೆ. ಭಾರದ ನಡು ಸರಿಯಾಗಿ ಮಧ್ಯದಲ್ಲಿದ್ದರೆ 76 ಆಗಬೇಕು, ಆದರೆ ಬೋಲ್ಟ್ ಕಡೆ ಕೀಲ್ ಅಗಲ, ಅಲ್ಲಿಗೇ ಸರಿದಿರಬಹುದು.

ಬಿಚ್ಚದೆ ಆ ನಡು ಕಂಡುಹಿಡಿಯೋದು ಹೇಗೆ? ಇಲ್ಲ, ಸುತ್ತಲಿನ ಫೈಬರ್ ಸುಡದ ಹಾಗೆ ಬೋಲ್ಟ್ ಬಿಡಿಸುವ ದಾರಿ ಇದೆಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ಇವತ್ತೇ ಹಾಕುತ್ತೇನೆ.