ಸಹಾಯ ಬೇಕು: ತಮ್ಮನ ರಕ್ತದಲ್ಲಿ ಸೀಸ ಜಾಸ್ತಿ, ಪದೇ ಪದೇ ಸೋಂಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಆರು ವರ್ಷದಿಂದ ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕೆಲಸದಲ್ಲಿದ್ದಾನೆ. ಈ ವರ್ಷ ನಾಲ್ಕು ಸಲ ಕಫ ಕಟ್ಟಿ ಜ್ವರ ಬಂತು. ಗಾಯ ಆದರೂ ಬೇಗ ಮಾಯುತ್ತಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆವು. ಒಂದು ಡೆಸಿಲೀಟರ್ ರಕ್ತದಲ್ಲಿ 38 ಮೈಕ್ರೋಗ್ರಾಂ ಸೀಸ ಇದೆ. 5 ಮುಟ್ಟಿದರೇ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನೋಡಿ ಕೈಕಾಲು ನಡುಗಿತು.

ಓದಿ ತಿಳಿದದ್ದು ಇಷ್ಟು. ಸೀಸ ದೇಹದ ರಕ್ಷಣೆಯ ಟಿ ಕಣಗಳ ಸಮತೋಲ ಕೆಡಿಸುತ್ತದೆ. ಸೋಂಕಿನ ಜೊತೆ ಹೋರಾಡುವ ಬಲ ತಗ್ಗಿ, ಅಲರ್ಜಿಯ ಕಡೆ ವಾಲುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಮೂಳೆಯಲ್ಲಿ ಕೂತದ್ದು ಹತ್ತಾರು ವರ್ಷ ಉಳಿದು ಮೆಲ್ಲಗೆ ರಕ್ತಕ್ಕೆ ಬರುತ್ತಲೇ ಇರುತ್ತದೆ. ಅವನು ಸಿಗರೇಟು ಬೇರೆ ಸೇದುತ್ತಾನೆ. ಅದರಲ್ಲಿ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಇರುತ್ತದೆ, ಅಲ್ವಾ?

ಕೆಲಸ ಬಿಡಿಸಿದ್ದೇವೆ. ಈಗ ಯಾವ ತಜ್ಞರನ್ನು ನೋಡಬೇಕು? ರೋಗನಿರೋಧಕ ಶಕ್ತಿ ಎಷ್ಟು ಕುಗ್ಗಿದೆ ಎಂದು ತಿಳಿಯಲು ಯಾವ ಪರೀಕ್ಷೆ ಕೇಳಬೇಕು? ಸೀಸ ಹೊರಹಾಕುವ ಕೀಲೇಷನ್ ಚಿಕಿತ್ಸೆ ಪಡೆದವರು ಇದ್ದರೆ ದಯವಿಟ್ಟು ಅನುಭವ ಬರೆಯಿರಿ. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು ಎಂಬ ಭಯ ನಮಗಿದೆ. ‘ಡಿಟಾಕ್ಸ್’ ಪುಡಿಗಳನ್ನು ದಯವಿಟ್ಟು ಹೇಳಬೇಡಿ.

ಇನ್ನೊಂದು ಮಾತು. ಇಷ್ಟು ದಿನ ಅವನು ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮೂರು ವರ್ಷದ ಮಗಳನ್ನು ಎತ್ತಿಕೊಳ್ಳುತ್ತಿದ್ದ. ಅವಳಿಗೂ ಪರೀಕ್ಷೆ ಮಾಡಿಸುತ್ತಿದ್ದೇವೆ. ಮಕ್ಕಳ ವಿಷಯ ಗೊತ್ತಿರುವವರು ಮೊದಲು ಅದನ್ನೇ ಹೇಳಿ.