ಅಪ್ಪನ ತಾಳಮದ್ದಲೆ ಕ್ಯಾಸೆಟ್‌ಗಳು: ಸ್ಟುಡಿಯೋಕ್ಕೆ ಕೊಡಲೋ, ಮನೆಯಲ್ಲೇ ಮಾಡಲೋ?

ಕುಮಟಾದ ಮಗಳು:
ಅಪ್ಪ 1985ರಿಂದ ಹತ್ತು ವರ್ಷ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿದ ತಾಳಮದ್ದಲೆ (ವೇಷವಿಲ್ಲದೆ ಕೂತು, ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳು ಅಟ್ಟದ ಮೇಲೆ ಸಿಕ್ಕಿವೆ. ಹೆಚ್ಚಿನವು 90 ನಿಮಿಷದವು. ಕೆಲವದರ ಕಿಟಕಿಯಲ್ಲಿ ಬಿಳಿ ಚುಕ್ಕೆ ಕಾಣುತ್ತೆ. ಜೊತೆಗೆ ನನ್ನ ಮದುವೆಯ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಒಂದಿದೆ. ಮನೆಯ ಟೇಪ್ ರೆಕಾರ್ಡರ್ ತಿರುಗುತ್ತಿಲ್ಲ. ಸ್ಟುಡಿಯೋದವರು ಕ್ಯಾಸೆಟ್ಟಿಗೆ 300 ರೂಪಾಯಿ ಕೇಳುತ್ತಿದ್ದಾರೆ. ಕಂಪ್ಯೂಟರ್‌ಗೆ ಹಾಕಿಸೋಕೆ ಅವರಿಗೇ ಕೊಡಲೋ, ಕ್ಯಾಸೆಟ್ ಓಡಿಸುವ ಡೆಕ್ ತಗೊಂಡು ನಾನೇ ಮಾಡಲೋ? ಮಾಡಿದವರು ಹೇಳಿ.

ಸಾಗರದ ಮೇಷ್ಟ್ರು:
ಸ್ಟುಡಿಯೋಕ್ಕೆ ಮಾತ್ರ ಕೊಡಬೇಡಿ ತಂಗೀ. ನಾನು ಕ್ಯಾಸೆಟ್ಟಿಗೆ 250ರಂತೆ ಕೊಟ್ಟೆ. ಕೊರಿಯರ್‌ಗೆ 380, ಪೆನ್ ಡ್ರೈವ್‌ಗೆ 450, ಆಮೇಲೆ ‘ಕ್ಲೀನಿಂಗ್’ ಅಂತ ಕ್ಯಾಸೆಟ್ಟಿಗೆ ಮತ್ತೆ 40. ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಆಯ್ತು. ಬಂದದ್ದೇನು? ಗೊರಗೊರ ಸದ್ದು ತೆಗೀತೀವಿ ಅಂತ ತಾಳದ ಸದ್ದನ್ನೇ ತೆಗೆದಿದ್ದಾರೆ. ಪಾತ್ರದ ಮಾತು ಹೇಳುವ ಅರ್ಥಧಾರಿ ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. 90ರ ಕ್ಯಾಸೆಟ್ ಅಂದ್ರೆ ಒಂದು ಬದಿ 45 ನಿಮಿಷ ಅಂತ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದ್ದಾರೆ. ಕಂಪನಿಯವರು ಯಾವಾಗಲೂ ಒಂದೆರಡು ನಿಮಿಷ ಜಾಸ್ತಿ ಟೇಪ್ ಸುತ್ತಿರುತ್ತಾರೆ. ನಮ್ಮಣ್ಣ ಆ ಕೊನೆಯ ಇಂಚಿನವರೆಗೂ ತುಂಬಿಸಿದ್ದ. ಪ್ರತಿ ಬದಿಯ ಕೊನೆಯ ಮಾತೂ ಅರ್ಧಕ್ಕೇ ಕಟ್. ಮತ್ತೆ ಮಾಡಿಕೊಡಿ ಅಂದ್ರೆ ಅರ್ಧ ಚಾರ್ಜ್ ಕೇಳಿದರು.

ಟೇಪ್ ಪ್ರೇಮಿ, ಬೆಂಗಳೂರು:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಎಲ್ಲವನ್ನೂ ಮನೆಯಲ್ಲೇ ಮಾಡಿದೆ. ಆನ್‌ಲೈನ್‌ನಲ್ಲಿ ಸಿಗುವ ಯುಎಸ್‌ಬಿ ವಾಕ್‌ಮನ್ ಬಗ್ಗೆ ಮೊದಲೇ ಹೇಳಿಬಿಡ್ತೀನಿ, 1,899 ರೂಪಾಯಿ ಕೊಟ್ಟು ತರಿಸಿದೆ, ಶ್ರುತಿಯೇ ಅಲ್ಲಾಡುತ್ತೆ. ಹಾರ್ಮೋನಿಯಂ ಹಿಡಿದ ಒಂದು ಸ್ವರ ನೆಟ್ಟಗೆ ನಿಲ್ಲಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡ್ ಡೆಕ್ 6,500. ಬೆಲ್ಟ್ ಕರಗಿ ಟಾರಿನಂತೆ ಅಂಟಿಕೊಂಡಿತ್ತು, ಹೊಸದಕ್ಕೆ 180. ಟೇಪ್ ಎಳೆಯುವ ಪಿಂಚ್ ರೋಲರ್ 700. ಮೆಕ್ಯಾನಿಕ್‌ಗೆ 900. ಕಂಪ್ಯೂಟರ್‌ಗೆ ತುಂಬಿಸೋಕೆ ಸೌಂಡ್ ಕಾರ್ಡ್ 2,200. ಟೇಪ್ ಓದುವ ಹೆಡ್ ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ, ಅದು ಬೇರೆ. ಇಷ್ಟಾದ ಮೇಲೂ ಪ್ರತಿ ಕ್ಯಾಸೆಟ್ಟಿಗೂ ಅಜಿಮತ್, ಅಂದ್ರೆ ಹೆಡ್ಡಿನ ಕೋನ, ಸರಿ ಮಾಡುವ ಸ್ಕ್ರೂ ತಿರುಗಿಸಲೇಬೇಕು. ನಿಮ್ಮಪ್ಪನ ರೆಕಾರ್ಡರ್‌ನ ಹೆಡ್ ಒಂದು ಕೋನದಲ್ಲಿರುತ್ತೆ, ನಿಮ್ಮ ಡೆಕ್ಕಿನದು ಇನ್ನೊಂದರಲ್ಲಿ. ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮಂಕಾಗಿದ್ದ ತಾಳ ‘ಠಣ್’ ಅಂತ ಎದುರಿಗೆ ಬರುತ್ತೆ. ಇದನ್ನು ಹೆಚ್ಚಿನ ಸ್ಟುಡಿಯೋದವರು ಕ್ಯಾಸೆಟ್ಟಿಗೊಮ್ಮೆ ಮಾಡಲ್ಲ.

ಹಲವು ಕ್ಯಾಸೆಟ್‌ಗಳಲ್ಲಿ ಟೇಪಿನ ಹಿಂದಿನ ಸ್ಪಂಜಿನ ತುಣುಕು ಉದುರಿ ಹೋಗಿತ್ತು. ಅದಿಲ್ಲದಿದ್ದರೆ ಟೇಪ್ ಹೆಡ್ಡಿಗೆ ಒತ್ತಿಕೊಳ್ಳಲ್ಲ, ಸದ್ದು ಬಂದು ಬಂದು ಹೋಗುತ್ತೆ. ಗುಜರಿಯಿಂದ ಹಳೇ ಸಿನಿಮಾ ಹಾಡಿನ ಕ್ಯಾಸೆಟ್ ತಂದು, ಐದು ಸ್ಕ್ರೂ ಬಿಚ್ಚಿ, ಟೇಪಿನ ಎರಡೂ ಸುರುಳಿಯನ್ನು ಎತ್ತಿ ಆ ಚಿಪ್ಪಿಗೆ ಕೂರಿಸಿದೆ. ಎಲ್ಲವನ್ನೂ ಸದ್ದು ಕುಗ್ಗಿಸದ ವೇವ್ ಫೈಲ್‌ನಲ್ಲೇ ಇಟ್ಟಿದ್ದೀನಿ. 90 ನಿಮಿಷಕ್ಕೆ 900 ಎಂಬಿ ಮೇಲಾಗುತ್ತೆ, ಆಗಲಿ.

ಸುಮ್ನೆ ಕೇಳುಗ:
ತಾಳಮದ್ದಲೆಗೆ ವೇವ್ ಯಾಕೆ ಸ್ವಾಮಿ? ಮುಕ್ಕಾಲು ಪಾಲು ಮಾತು. ಅಂಗಳದಲ್ಲಿ ಸಣ್ಣ ಮೈಕ್ ಇಟ್ಟು ತುಂಬಿಸಿದ್ದು. ನಾನು 128 ಕೆಬಿಪಿಎಸ್‌ಗೆ ಕುಗ್ಗಿಸಿದ ಎಂಪಿ3 ಮಾಡಿದೆ, ನಿಮಿಷಕ್ಕೆ ಒಂದು ಎಂಬಿ. ಅಮ್ಮ ಮೊಬೈಲಲ್ಲಿ ಕೇಳ್ತಾ ಅಡಿಗೆ ಮಾಡ್ತಾರೆ. ಹನ್ನೆರಡು ಸಾವಿರಕ್ಕೂ ಮೇಲೆ ಸುರಿದು ಗೊರಗೊರ ಸದ್ದನ್ನು ಕಾಪಾಡೋದು ಯಾರಿಗೆ ಬೇಕು?

ಟೇಪ್ ಪ್ರೇಮಿ, ಬೆಂಗಳೂರು:
ನನ್ನ ಖರ್ಚನ್ನು ನೀವು ಕೂಡಿಸಬೇಡಿ. ‘ಮುಕ್ಕಾಲು ಮಾತು’ ಅನ್ನುವವರು ಹಾಡುವ ಭಾಗವತರನ್ನೂ ಮದ್ದಲೆಯವರನ್ನೂ ಏನಂತ ತಿಳಿದಿದ್ದೀರಿ? ವೇವ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಬಹುದು. ಎಂಪಿ3ಯಲ್ಲಿ ಹೋದದ್ದು ವಾಪಸ್ ಬರಲ್ಲ. ಟೇಪ್ ಇನ್ನೊಮ್ಮೆ ಓಡುತ್ತೋ ಇಲ್ಲವೋ ಯಾರಿಗೆ ಗೊತ್ತು?

ದುಬೈಯಿಂದ ಭಟ್ರ ಮಗ:
ಫೈಲ್ ಯಾವುದಾದರೂ ಇರಲಿ ಮಾರಾಯ್ರೆ, ಇಡೋದು ಎಲ್ಲಿ ಅಂತ ಮೊದಲು ಹೇಳಿ. ನಾವು 2006ರಲ್ಲೇ ಎಲ್ಲ ಸಿಡಿ ಮಾಡಿಸಿದೆವು. ಒಂದಕ್ಕೆ 150 ರೂಪಾಯಿ, ಆಗಿನ ಕಾಲದಲ್ಲಿ! ಅಂಗಡಿಯವನು ನೂರು ವರ್ಷ ಬಾಳುತ್ತೆ ಅಂದ. ಹೋದ ಮಳೆಗಾಲ ಊರಿಗೆ ಬಂದು ನೋಡಿದರೆ ಸಿಡಿಯ ಹಿಂದಿನ ಬೆಳ್ಳಿ ಪದರ ಹೊಪ್ಪಳೆ ಎದ್ದಿದೆ. ಕೆಲವು ಅರ್ಧ ಓದುತ್ತವೆ, ಉಳಿದವು ಸುಮ್ನೆ ತಿರುಗುತ್ತವೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಹೊರಗಿನ ಡ್ರೈವ್‌ಗೆ 1,600 ಕೊಟ್ಟೆ. ಮೂಲ ಕ್ಯಾಸೆಟ್ ಎಲ್ಲಿ ಅಂದ್ರೆ, ಮನೆಗೆ ಬಣ್ಣ ಹೊಡೆಸುವಾಗ ಅಣ್ಣ ಗುಜರಿಗೆ ಹಾಕಿದ್ದಾನೆ. ಅದರಲ್ಲಿ ಹೆಸರಾಂತ ಅರ್ಥಧಾರಿ ಶೇಣಿಯವರ ಅರ್ಥ ಇತ್ತು. ಆ ವಿಷಯ ಬಂದರೆ ಈಗಲೂ ನಾವಿಬ್ಬರೂ ಸರಿಯಾಗಿ ಮಾತಾಡಲ್ಲ.

ಬಡಗುತಿಟ್ಟು ಅಭಿಮಾನಿ:
ಶೇಣಿಯವರದ್ದು ಬೇರೆ ಕಡೆಯೂ ಸಿಕ್ಕೀತು. ಭಾಗವತ ಕಾಳಿಂಗ ನಾವಡರು 1990ರಲ್ಲೇ ತೀರಿಹೋದರು. ಅವರ ಎಷ್ಟೋ ಪದ್ಯ ನಮ್ಮ ಹಳ್ಳಿ ಹಳ್ಳಿಯ ಇಂಥ ಕ್ಯಾಸೆಟ್‌ನಲ್ಲಿ ಉಳಿದದ್ದು. ಮೊದಲು ಅದನ್ನು ಉಳಿಸಿ.

ದುಬೈಯಿಂದ ಭಟ್ರ ಮಗ:
‘ಬೇರೆ ಕಡೆ ಸಿಕ್ಕೀತು’ ಅಂದ್ರೆ ಏನರ್ಥ? ಆ ರಾತ್ರಿ ಎದುರಿನ ಅರ್ಥಧಾರಿಗೆ ಕೊಟ್ಟ ಉತ್ತರ ಇನ್ನೊಂದು ಕೂಟದಲ್ಲಿ ಸಿಗುತ್ತಾ? ಎಲ್ಲದಕ್ಕೂ ಯಕ್ಷಗಾನದ ತೆಂಕು, ಬಡಗು ತಿಟ್ಟಿನ ಜಗಳ ತರಬೇಡಿ.

ಬಡಗುತಿಟ್ಟು ಅಭಿಮಾನಿ:
ತಂದದ್ದು ನಾನಲ್ಲ. ಶೇಣಿಯವರ ಹೆಸರು ಎತ್ತಿದ್ದು ನೀವು.

ಶಿರಸಿಯ ಅತ್ತಿಗೆ:
ಗಂಡಸರು ಜಗಳ ಆಡ್ತಾ ಇರಿ. ತಂಗೀ, ನಿನ್ನ ವಿಎಚ್‌ಎಸ್ ವಿಷಯ ಯಾರೂ ಎತ್ತಲಿಲ್ಲ. ಕ್ಯಾಸೆಟ್ ಡೆಕ್ಕಾದರೂ ಸಿಕ್ಕೀತು, ವಿಡಿಯೋ ಓಡಿಸುವ ವಿಸಿಆರ್ ಕಷ್ಟ. ಕೊನೆಯವರೆಗೂ ಅದನ್ನು ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದೇ ಇಲ್ಲ. ನನ್ನ ಮದುವೆಯದ್ದಕ್ಕೆ ಹಳೇದೊಂದನ್ನು 4,800 ಕೊಟ್ಟು ತಂದೆವು. ಅದಕ್ಕೆ ಮೊದಲು ಹಾಕಿದ್ದು ನಾದಿನಿ ಕೊಟ್ಟ ಟೇಪ್. ಅದರ ಬಿಳಿ ಬೂಸು ಹೆಡ್ ಡ್ರಮ್ಮಿಗೆ ಮೆತ್ತಿತು. ಆಮೇಲೆ ಹಾಕಿದ ನನ್ನ ಟೇಪಿಗೂ ಅದೇ ಹತ್ತಿತು. ಧಾರೆಯ ಹೊತ್ತಿನಲ್ಲಿ ಪರದೆ ತುಂಬ ಗೀರು. ರಿಪೇರಿಗೆ 2,300 ನಾವೇ ಕೊಟ್ಟೆವು, ನಾದಿನಿ ಒಂದು ಮಾತೂ ಆಡಲಿಲ್ಲ. ಬಿಳಿ ಚುಕ್ಕೆ ಇರುವ ಯಾವುದನ್ನೂ ಯಂತ್ರಕ್ಕೆ ತೋರಿಸಬೇಡ. ಬೇರೆ ಇಡು. ಒಣಗಿದ ಜಾಗದಲ್ಲಿಡು, ಅಟ್ಟದಲ್ಲಿ ಬೇಡವೇ ಬೇಡ.

ಸುಮ್ನೆ ಕೇಳುಗ:
ಆದಷ್ಟು ಯೂಟ್ಯೂಬ್‌ಗೆ ಹಾಕಿಬಿಡಿ. ಖರ್ಚಿಲ್ಲ, ಊರವರೆಲ್ಲ ಕೇಳ್ತಾರೆ.

ಸಾಗರದ ಮೇಷ್ಟ್ರು:
ಹಾಗೆ ಹಾಕೋದು ಸರಿಯಲ್ಲ. ಅರ್ಥ ಹೇಳಿದವರ ಮನೆಯವರಿದ್ದಾರೆ, ಭಾಗವತರ ಮನೆಯವರಿದ್ದಾರೆ. ಒಂದು ಮಾತು ಕೇಳಬೇಕಲ್ವಾ? ನಮ್ಮ ಅಣ್ಣ ತುಂಬಿಸಿದ ಒಂದು ಕರ್ಣಪರ್ವವನ್ನು ಯಾರೋ ಹಾಕಿ, ಮಧ್ಯದಲ್ಲಿ ಜಾಹೀರಾತು ಬರ್ತಾ ಇದೆ. ಅಣ್ಣನ ಹೆಸರೂ ಇಲ್ಲ.

ಕುಮಟಾದ ಮಗಳು:
ಎಲ್ಲರಿಗೂ ಧನ್ಯವಾದ. ಚುಕ್ಕೆ ಇರುವವನ್ನು ಇವತ್ತೇ ಬೇರೆ ಡಬ್ಬಿಗೆ ಹಾಕಿದೆ. ಅಪ್ಪನ ಟೇಪ್ ರೆಕಾರ್ಡರ್‌ನಲ್ಲೇ ಓಡಿಸಿದರೆ ಅಜಿಮತ್ ತಾನಾಗೇ ಸರಿ ಇರುತ್ತಾ? ಅದನ್ನೇ ರಿಪೇರಿ ಮಾಡಿಸಬಹುದಾ?

ಟೇಪ್ ಪ್ರೇಮಿ, ಬೆಂಗಳೂರು:
ಯಾರೂ ಆ ಸ್ಕ್ರೂ ಮುಟ್ಟಿಲ್ಲ ಅಂದ್ರೆ ಹೆಚ್ಚು ಕಮ್ಮಿ ಸರಿ ಇರುತ್ತೆ. ಮೋಟಾರಿನ ಸದ್ದು ಬಂದು ಚಕ್ರ ತಿರುಗದಿದ್ದರೆ ಬೆಲ್ಟೇ ಹೋಗಿರೋದು. ಹಳೇದನ್ನು ಎಸೀಬೇಡಿ, ತುಂಡಾಗಿದ್ದರೂ ಸರಿ, ಅಳತೆಗೆ ಬೇಕು. ಬೆಂಗಳೂರಿಗೆ ಬರುವವರಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಮೆಕ್ಯಾನಿಕ್‌ಗೆ ಕೊಡುವಾಗ ‘ಹೆಡ್ ಮುಟ್ಟಬೇಡಿ’ ಅಂತ ಮೊದಲೇ ಹೇಳಿ.

ಸುಮ್ನೆ ಕೇಳುಗ:
ಹೇಳಿದರೂ ಮುಟ್ಟುತ್ತಾರೆ. ನನ್ನದಕ್ಕೆ 600 ತಗೊಂಡು ಅದನ್ನೇ ಮಾಡಿದರು. ಪಕ್ಕದಲ್ಲೇ ನಿಂತು ಮಾಡಿಸಿ.